ಲೀಲಕ್ಕ ಮತ್ತು ಸುಳ್ಳು ಪೊಟ್ಯಾಸಿಯಂ

ರಕ್ತದ ಟ್ಯೂಬು ಯಾರ ಕೈಯಿಂದ ಬಂದರೂ ಲೀಲಕ್ಕ ಮೊದಲು ಅದನ್ನು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಹೆಸರು ಓದುವುದು, ಚೀಟಿಗೆ ಹೊಂದಿಸುವುದು, ಸಮಯ ಬರೆಯುವುದು ಎಲ್ಲ ಆಮೇಲೆ. ಎಡಗೆನ್ನೆ, ಕಿವಿಗಿಂತ ಸ್ವಲ್ಪ ಮುಂದೆ, ಎರಡು ಸೆಕೆಂಡು. ಬೆಚ್ಚಗಿದ್ದರೆ ಟ್ಯೂಬು ಮುಂದಿನ ಸ್ಟ್ಯಾಂಡಿಗೆ ಹೋಗುತ್ತಿತ್ತು. ತಣ್ಣಗಿದ್ದರೆ ಅದನ್ನು ಕಿಟಕಿ ಪಕ್ಕದ ಬೇರೆ ಸ್ಟ್ಯಾಂಡಿನಲ್ಲಿಟ್ಟು, ಕಳಿಸಿದವರಿಗೆ ಫೋನು ಮಾಡುತ್ತಿದ್ದರು.

ಚಿಕ್ಕಮಗಳೂರಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಲ್ಯಾಬಿನ ಯಜಮಾನರಾದ ಡಾಕ್ಟರಿಗೆ ಇದು ಸರಿಬರುತ್ತಿರಲಿಲ್ಲ.

"ಲೀಲಾವತಿ, ಅದು ಪೇಷೆಂಟಿನ ರಕ್ತ. ಮುಖಕ್ಕೆ ತಾಗಿಸೋ ವಸ್ತು ಅಲ್ಲ."

"ಮುಚ್ಚಳ ಹಾಕಿದೆ ಸರ್."

"ಮುಚ್ಚಳ ಹಾಕಿದ್ರೆ ಪೌಡರ್ ಡಬ್ಬಿ ಆಗ್ತದಾ?"

ಆಮೇಲೆ ಒಂದು ವಾರ ಲೀಲಕ್ಕ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿದರು. ಎಂಟನೆಯ ದಿನ ಮತ್ತೆ ಕೆನ್ನೆ. ನಾನು ನಕ್ಕಿದ್ದಕ್ಕೆ ಹೇಳಿದರು: "ಕೈ ಬೆಳಿಗ್ಗೆಯಿಂದ ನೀರಲ್ಲಿ ಇರ್ತದೆ ಮಾರಾಯ, ಅದಕ್ಕೆ ಬಿಸಿ ತಣ್ಣನೆ ಎರಡೂ ಒಂದೇ. ಕೆನ್ನೆಗೆ ಮೋಸ ಮಾಡೋಕೆ ಬರಲ್ಲ."

ಲೀಲಕ್ಕ ತೀರಿಹೋಗಿ ಐದು ತಿಂಗಳಾಯಿತು. ಅವರನ್ನು ಬಲ್ಲವರು ಬಹಳ ಮಂದಿ ಇದ್ದಾರೆ, ಅವರ ಬಗ್ಗೆ ನಗುತ್ತ ಹೇಳಬಹುದಾದ ಸಂಗತಿಗಳೂ ಬೇಕಾದಷ್ಟಿವೆ. ನಾನು ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ದಿನ ಅವರದೇ ರಕ್ತದ ಒಂದು ಸಂಖ್ಯೆ ನನ್ನ ಫೋನಿಗೆ ಬಂತು. ನಾನು ಅದನ್ನು ನಂಬಲಿಲ್ಲ. ಅಂಥ ಸಂಖ್ಯೆಯನ್ನು ನಂಬಬಾರದೆಂದು ಕಲಿಸಿದವರು ಅವರೇ ಎಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ. ಎಲ್ಲಿ ಸರಿಯಲ್ಲ ಎಂಬುದನ್ನು ನಡೆದ ಹಾಗೆಯೇ ಬರೆಯಲು ನೋಡುತ್ತೇನೆ.

ಲೀಲಕ್ಕನ ತಂದೆ ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿ. ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ಹಾಜರಿ ಹಿಡಿಯುವುದು ಅವರ ಕೆಲಸ. ಹುಡುಗಿಯಾಗಿದ್ದಾಗ ಲೀಲಕ್ಕನೂ ರಜೆಯಲ್ಲಿ ತೋಟಕ್ಕೆ ಹೋಗುತ್ತಿದ್ದರು. ಕಾಫಿ ಗಿಡದ ಬುಡಕ್ಕೆ ಗೊಬ್ಬರ ಹಾಕುವ ಹೆಂಗಸರ ಸಾಲಿನಲ್ಲಿ ಬುಟ್ಟಿ ಹಿಡಿದು ನಡೆಯುತ್ತಿದ್ದರಂತೆ. ಅದರಲ್ಲಿ ಕೆಂಪು ಹರಳಿನ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಇರುವ ಗೊಬ್ಬರ, ಕೈಯ ಗೀರುಗಳಿಗೆ ಬಿದ್ದರೆ ಉರಿಯುತ್ತಿತ್ತು. ಒಮ್ಮೆ ನಾಲಿಗೆಗೆ ಹಚ್ಚಿಯೂ ನೋಡಿದ್ದರು. "ಮೊದಲು ಉಪ್ಪು. ಉಪ್ಪೇ ಅಂದ್ಕೊಳ್ಳೋಷ್ಟರಲ್ಲಿ ಹಿಂದಿಂದ ಕಹಿ ಬರ್ತದೆ. ಅವತ್ತಿಂದ ನಂಗೆ ಅದರ ಪರಿಚಯ. ಪುಸ್ತಕದಲ್ಲಿ ಆಮೇಲೆ ಓದಿದ್ದು."

ನಾನು ಕಳಸದವನು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಸೇರಿದಾಗ ಅವರಿಗೆ ನಲವತ್ತೆಂಟು ವರ್ಷ. ಗಿಡ್ಡ ಆಳು, ಬಿಗಿಯಾದ ತುರುಬು, ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ. ಫ್ಲಾಸ್ಕಿನಲ್ಲಿ ಹಾಲು ಸಕ್ಕರೆ ಇಲ್ಲದ ಕಾಫಿ. ಲ್ಯಾಬಿನಲ್ಲಿ ಮಾತ್ರ ಹಾಕುವ ಒಂದು ಜೊತೆ ನೀಲಿ ಚಪ್ಪಲಿ. ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಯಂತ್ರ ಅವರ ಮೇಜಿನ ಮೇಲಿತ್ತು. ಬೇರೆ ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು, ಅದನ್ನು ಮಾತ್ರ ಅವರು ಕಲಿಸದೆ ಬಿಟ್ಟುಕೊಡುತ್ತಿರಲಿಲ್ಲ.

ಸೇರಿದ ಎರಡನೆಯ ವಾರ ನನ್ನನ್ನು ಆ ಮೇಜಿನ ಮುಂದೆ ಕೂರಿಸಿಕೊಂಡು ಕೇಳಿದರು: "ರಕ್ತದಲ್ಲಿ ಪೊಟ್ಯಾಸಿಯಂ ನಾಲ್ಕರ ಹತ್ತಿರ ಇರ್ಬೇಕು. ಏಳಾದ್ರೆ ಮನುಷ್ಯ ಸಾಯಬಹುದು. ಎಂತಕ್ಕೆ?"

"ಹೃದಯ ನಿಲ್ತದೆ."

"ಅದು ಎಂತಾಗ್ತದೆ ಅನ್ನೋದು. ನಾ ಕೇಳಿದ್ದು ಎಂತಕ್ಕೆ ಅಂತ."

ರೆಸ್ಟಿಂಗ್ ಪೊಟೆನ್ಶಿಯಲ್ ಎಂಬುದನ್ನು ನಾನು ಬಾಯಿಪಾಠ ಮಾಡಿದ್ದೆ. ಜೀವಕೋಶ ಸುಮ್ಮನಿರುವಾಗಲೂ ಅದರ ಪೊರೆಯ ಒಳಗೂ ಹೊರಗೂ ಎಪ್ಪತ್ತು ಎಂಬತ್ತು ಮಿಲಿವೋಲ್ಟಿನಷ್ಟು ವ್ಯತ್ಯಾಸ ಇರುತ್ತದೆ, ಒಳಗಡೆ ಮೈನಸ್. ಅದನ್ನು ಒಪ್ಪಿಸಿದೆ. ಅವರು ಕೇಳಿಸಿಕೊಂಡು, ಚೀಟಿಯ ಹಿಂಬದಿಯಲ್ಲಿ ಒಂದು ಉದ್ದನೆಯ ಚೌಕ ಎಳೆದರು.

"ಇದು ನಮ್ಮ ಎಸ್ಟೇಟಿನ ಲೈನು, ಆಳುಗಳ ಮನೆ. ಒಳಗೆ ಜನ ಕಿಕ್ಕಿರಿದು ತುಂಬಿದಾರೆ. ಆ ಜನನೇ ಪೊಟ್ಯಾಸಿಯಂ. ಹೊರಗೆ ಸಂತೆ ಬಯಲು. ಅಲ್ಲಿ ನಮ್ಮವರು ನಾಲ್ಕೇ ಜನ. ಗೇಟಲ್ಲಿ ಒಂದು ಸಂದಿ ಇದೆ. ಎಂತ ಮಾಡ್ತಾರೆ?"

"ಹೊರಗೆ ಹೋಗ್ತಾರೆ."

"ಹೋಗ್ತಾರೆ. ಹೋಗೋವಾಗ ಒಬ್ಬೊಬ್ಬರೂ ಒಂದೊಂದು ಪ್ಲಸ್ ಹೊತ್ಕೊಂಡು ಹೋಗ್ತಾರೆ. ಮನೇಲಿ ಉಳಿಯೋದು ಯಾರು? ಮುದುಕರು, ತೊಟ್ಟಿಲ ಮಕ್ಕಳು. ಅವ್ರು ಆ ಸಂದಿಯಲ್ಲಿ ಹಿಡಿಸಲ್ಲ. ಅವ್ರು ಮೈನಸ್. ಈಗ ಸಂತೆಗೆ ಹೋದ ತಾಯಿಗೆ ಎಂತಾಗ್ತದೆ? ಸ್ವಲ್ಪ ಹೊತ್ತಿಗೆ ಮಗು ನೆನಪಾಗಿ ಎದೆ ಕಟ್ತದೆ. ತಿರುಗಿ ಓಡ್ತಾಳೆ. ಸಂತೆ ಆ ಕಡೆ ಎಳೀತದೆ, ಮನೆ ಈ ಕಡೆ ಎಳೀತದೆ. ಎರಡೂ ಸಮ ಆಗೋ ಒಂದು ಹಂತ ಇದೆ. ಅಲ್ಲಿ ಎಷ್ಟು ಜನ ಹೋಗ್ತಾರೋ ಅಷ್ಟೇ ಜನ ಬರ್ತಾರೆ. ಆಗ ಮನೆಯ ಸೆಳೆತ ಎಷ್ಟು ಗಟ್ಟಿ ಇದೆ ಅಂತ ಅಳೆದ್ರೆ, ಅದೇ ನಿನ್ನ ಮಿಲಿವೋಲ್ಟು."

"ಸೋಡಿಯಂ?"

"ಅದು ಬಯಲಿನ ಜನ. ಒಳಗೆ ನುಗ್ಗೋಕೆ ಕಾಯ್ತಾನೇ ಇರ್ತಾರೆ. ಗೇಟಲ್ಲಿ ಒಬ್ಬ ವಾಚರ್ ಇದಾನೆ. ಮೂರು ಸೋಡಿಯಂ ಹೊರಗೆ ದಬ್ಬಿ ಎರಡು ಪೊಟ್ಯಾಸಿಯಂ ಒಳಗೆ ಕರ್ಕೊಳ್ತಾನೆ. ಹಗಲೂ ರಾತ್ರಿ ಅದೇ ಕೆಲಸ. ಅದಕ್ಕೆ ವಿಶ್ರಾಂತಿ ಅಂತ ಹೆಸರಿಟ್ಟಿದಾರೆ ನೋಡು. ಯಾರು ಮಾರಾಯ ಅಲ್ಲಿ ವಿಶ್ರಾಂತಿ ತಗೊಂಡೋರು? ಆ ವಾಚರಿಗೆ ಊಟ ಬೇಕು, ಮೈ ಬೆಚ್ಚಗಿರ್ಬೇಕು. ಚಳಿ ಹಿಡಿದ್ರೆ ಅವ ಕೂತುಬಿಡ್ತಾನೆ. ಅವ ಕೂತ್ರೆ ಒಳಗಿನೋರು ಒಬ್ಬೊಬ್ಬರೇ ಹೊರಗೆ ಸೋರಿಹೋಗ್ತಾರೆ, ಕರೆದು ತರೋರು ಇಲ್ಲ."

ಟ್ಯೂಬನ್ನು ಕೆನ್ನೆಗೆ ಒತ್ತುವುದು ಯಾಕೆಂದು ನನಗೆ ಅಲ್ಲಿ ತಿಳಿಯಿತು. ಟ್ಯೂಬಿನ ರಕ್ತದಲ್ಲಿ ಕೆಂಪು ಕಣಗಳು ಇನ್ನೂ ಜೀವಂತ. ತಣ್ಣಗೆ ಮಾಡಿದರೆ ಅವುಗಳ ಪಂಪು ನಿಲ್ಲುತ್ತದೆ, ಒಳಗಿನ ಪೊಟ್ಯಾಸಿಯಂ ಹೊರಗಿನ ನೀರಿಗೆ ಸೋರುತ್ತದೆ. ಯಂತ್ರ ಅಳೆಯುವುದು ಆ ನೀರನ್ನು. ಮನುಷ್ಯನ ಮೈಯಲ್ಲಿ ನಾಲ್ಕಿದ್ದದ್ದು ಕಾಗದದಲ್ಲಿ ಏಳಾಗುತ್ತದೆ. ಇದಕ್ಕೆ ಲೀಲಕ್ಕ ಇಟ್ಟ ಹೆಸರು ಸುಳ್ಳು ಪೊಟ್ಯಾಸಿಯಂ.

"ಮೊದಲು ಕೇಳಿದ್ದಕ್ಕೆ ಉತ್ತರ ಬಂತಾ?" ಎಂದರು. "ಸಂತೆ ಬಯಲಲ್ಲೇ ನಮ್ಮವರು ತುಂಬಿದ್ರೆ ಒಳಗಿನೋರು ಹೊರಗೆ ಹೋಗೋದು ಕಡಿಮೆ. ಹೋಗೋರು ಕಡಿಮೆ ಆದ್ರೆ ಮನೇಲಿ ಕೊರತೆ ಕಾಣಲ್ಲ. ಕೊರತೆ ಇಲ್ಲದಿದ್ರೆ ಸೆಳೆತ ಇಲ್ಲ. ಸೆಳೆತ ಇಲ್ಲದ ಸ್ನಾಯು ಎತ್ತಿದ್ರೆ ಏಳಲ್ಲ. ಮೊದಲು ಕಾಲು. ಆಮೇಲೆ ಎದೆ."

ಆ ಯಂತ್ರದ ಬಗ್ಗೆಯೂ ಅವರಿಗೆ ಒಂದು ಮಾತಿತ್ತು. ಅದರೊಳಗೆ ಪೊಟ್ಯಾಸಿಯಂ ಒಂದನ್ನೇ ಒಳಬಿಡುವ ತೆಳ್ಳನೆಯ ಪೊರೆ ಇದೆ. ಯಂತ್ರ ಓದುವುದು ಆ ಪೊರೆಯ ಎರಡು ಬದಿಯ ವೋಲ್ಟೇಜನ್ನು, ಅದರಿಂದ ಲೆಕ್ಕ ಹಾಕಿ ಸಂಖ್ಯೆ ಕೊಡುತ್ತದೆ. "ಅದು ತನ್ನ ಮುಂದೆ ಇಟ್ಟದ್ದನ್ನ ಸರಿಯಾಗೇ ಹೇಳ್ತದೆ. ಇಟ್ಟೋರು ಯಾರು, ಹೆಂಗೆ ತಂದ್ರು, ಅದು ಅದಕ್ಕೆ ಗೊತ್ತಿಲ್ಲ. ಅದು ನಮಗೆ ಗೊತ್ತಿರ್ಬೇಕು."

ಲೀಲಕ್ಕನಿಗೆ ಜಿಲ್ಲೆಯಲ್ಲೆಲ್ಲ ಹೆಸರು ತಂದದ್ದು ಮೂಡಿಗೆರೆ ಕಡೆಯ ಒಬ್ಬ ಪ್ಲಾಂಟರ್ ಗೌಡರ ಕಥೆ. ಅದನ್ನು ಲ್ಯಾಬಿನಲ್ಲಿ ಹೊಸಬರಿಗೆಲ್ಲ ನಾನೇ ಹೇಳುತ್ತಿದ್ದೆ. ನಾನು ಹೇಳುತ್ತಿದ್ದ ಹಾಗೆಯೇ ಇಲ್ಲಿ ಬರೆಯುತ್ತೇನೆ.

ಗೌಡರ ರಕ್ತ ಬೆಳಿಗ್ಗೆ ಬಸ್ಸಿನಲ್ಲಿ ಬಂತು. ಆಗ ನಮ್ಮ ಕಡೆ ದೂರ ಹೋಗುವ ಏನನ್ನೂ ಐಸಿನಲ್ಲಿ ಕಳಿಸುವುದು ವಾಡಿಕೆ. ಮೀನು ಹಾಗೆ ಬರುತ್ತಿತ್ತು, ದನದ ಲಸಿಕೆ ಹಾಗೆ ಬರುತ್ತಿತ್ತು. ರಕ್ತವೂ ಕೆಡಬಾರದೆಂದು ಅಲ್ಲಿಯವರು ಟ್ಯೂಬನ್ನು ಐಸಿನ ನಡುವೆ ಹುಗಿದು ಕಳಿಸಿದ್ದರು. ಬಸ್ಸಿನ ಪೆಟ್ಟಿಗೆ ಬಂದಾಗ ಲೀಲಕ್ಕ ಬ್ಯಾಂಕಿಗೆ ಹೋಗಿದ್ದರು. ಇನ್ನೊಬ್ಬರು ಯಂತ್ರಕ್ಕೆ ಹಾಕಿದರು. ಏಳು ಪಾಯಿಂಟ್ ನಾಲ್ಕು. ಸುದ್ದಿ ಫೋನಿನಲ್ಲಿ ಹೋಯಿತು. ಗೌಡರ ಮನೆಯಲ್ಲಿ ಗೋಳಾಟ, ನೆಂಟರು ಸೇರಿದರು. ಲೀಲಕ್ಕ ವಾಪಸು ಬಂದು ಟ್ಯೂಬನ್ನು ಕೆನ್ನೆಗೆ ಒತ್ತಿ, "ಇದು ಸುಳ್ಳು ಇರ್ಬೇಕು," ಎಂದರು. ಹೊಸ ರಕ್ತ ತರಿಸಿದರು. ನಾಲ್ಕು ಪಾಯಿಂಟ್ ಎರಡು.

ಮರುದಿನ ಗೌಡರ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸ್ವತಃ ಲ್ಯಾಬಿಗೆ ಬಂದು ಕೂತು, "ಏನಮ್ಮ, ನಮ್ಮ ಧಣಿಗಳನ್ನ ಅರ್ಧ ದಿನ ಸಾಯಿಸಿಬಿಟ್ರಲ್ಲ. ಅವ್ರು ಉಯಿಲಿಗೆ ಪೆನ್ನು ಕೇಳಿದ್ರು," ಎಂದರು.

"ಬರೆದ್ರಾ?" ಎಂದು ಲೀಲಕ್ಕ ಕೇಳಿದರು.

"ಇಲ್ಲ. ಪೆನ್ನು ಸಿಗೋಷ್ಟರಲ್ಲಿ ನಿಮ್ಮ ಎರಡನೇ ಫೋನು ಬಂತು. ಮಕ್ಕಳಿಗೆ ಬೇಜಾರು."

ಕಥೆ ಇಷ್ಟು. ಎಲ್ಲರೂ ನಗುತ್ತಿದ್ದರು. ನಗು ಬರುವ ಜಾಗಕ್ಕೆ ಬೇಗ ತಲುಪಲೆಂದು ನಾನು ನಡುವಿನದನ್ನು ಚುಟುಕಾಗಿಸುತ್ತಿದ್ದೆ.

ಲ್ಯಾಬಿಗೆ ಸೇರಿ ಏಳು ವರ್ಷದ ನಂತರ ನಾನು ಕಳಸಕ್ಕೆ ವಾಪಸಾಗಿ ರಕ್ತ ತೆಗೆದು ಕಳಿಸುವ ಒಂದು ಚಿಕ್ಕ ಸೆಂಟರ್ ತೆರೆದೆ. ಆ ಯೋಚನೆ ಲೀಲಕ್ಕನದು. ರಕ್ತ ತಿರುಗಿಸಿ ಕಣಗಳನ್ನು ನೀರಿನಿಂದ ಬೇರೆ ಮಾಡುವ ಸೆಂಟ್ರಿಫ್ಯೂಜು ಒಂದನ್ನು ಹಳೆಯದೇ ಆದರೂ ನೋಡಿ ಕೊಡಿಸಿದರು. ಅದಿದ್ದರೆ ಕಣ ಸೋರುವ ಪ್ರಶ್ನೆಯೇ ಇಲ್ಲ. ಬೇರ್ಪಡಿಸಿದ ನೀರನ್ನು ಐಸಿನಲ್ಲಿಟ್ಟರೂ ನಡೆಯುತ್ತದೆ. ಕರೆಂಟಿಲ್ಲದ ದಿನ ಏನು ಮಾಡುವುದು ಎಂದು ಕೇಳಿದೆ. "ಐಸಿಲ್ಲದೆ ಹತ್ತೀಲಿ ಸುತ್ತಿ ಕಳ್ಸು. ಚೀಟಿ ಮೇಲೆ 'ಬೇರ್ಪಡಿಸಿಲ್ಲ' ಅಂತ ಬರಿ. ನೋಡೋರಿಗೆ ಗೊತ್ತಾಗ್ತದೆ," ಎಂದರು. ಸೆಂಟರಿನ ಮುಂದೆ ರಸ್ತೆಯಿಂದ ಮೂರು ಮೆಟ್ಟಿಲು ಕಟ್ಟಿಸಿದೆ. ಉದ್ಘಾಟನೆಗೆ ಬಂದ ಲೀಲಕ್ಕ ಅವುಗಳನ್ನು ಹತ್ತಿ ಇಳಿದು ನೋಡಿ, "ಮಂಡಿ ನೋವಿನೋರೂ ಹತ್ತಬಹುದು, ಅಡ್ಡಿಲ್ಲ," ಎಂದಿದ್ದರು.

ಅವರು ನಿವೃತ್ತರಾಗಿ ಸಂಸೆಯಲ್ಲಿ ತಂಗಿ ಪುಷ್ಪಕ್ಕನ ಮನೆಯಲ್ಲಿ ಇರತೊಡಗಿದಾಗ ಸಕ್ಕರೆ ಕಾಯಿಲೆ ಹಳೆಯದಾಗಿ ಕಿಡ್ನಿಯನ್ನೂ ಹಿಡಿದಿತ್ತು. ಕಿಡ್ನಿ ಸೋತವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಕಳಸಕ್ಕೆ ಬಂದು ನನ್ನಲ್ಲಿ ರಕ್ತ ಕೊಡುತ್ತಿದ್ದರು. ನಾನು ಟ್ಯೂಬು ತುಂಬಿಸಿದ ಕೂಡಲೇ ಕೈಚಾಚಿ ತೆಗೆದುಕೊಂಡು ಕೆನ್ನೆಗೆ ಒತ್ತುತ್ತಿದ್ದರು. "ಈಗ ತಾನೇ ನಿಮ್ಮ ಮೈಯಿಂದ ತೆಗೆದದ್ದು, ಬೆಚ್ಚಗೇ ಇರ್ತದೆ," ಎಂದರೆ, "ಇರ್ಲಿ, ನನ್ನದು ನಂಗೆ ಹೇಗಿದೆ ಅಂತ ಗೊತ್ತಾಗ್ಲಿ," ಎನ್ನುತ್ತಿದ್ದರು.

ಇನ್ನು ಆ ದಿನದ ವಿಷಯ.

ಅದು ಜುಲೈ ತಿಂಗಳ ಒಂದು ಮಂಗಳವಾರ. ಲೈನಿನ ಮೇಲೆ ಮರ ಬಿದ್ದು ಕಳಸದಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ. ಲೀಲಕ್ಕ ಆರು ಗಂಟೆಗೆ ಬಂದರು. ನಾನು ಒಳಗಿನಿಂದ ನೋಡುತ್ತಿದ್ದೆ. ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟು, ಎಡಗಾಲನ್ನೂ ಅದರ ಮೇಲೆಯೇ ತಂದು ನಿಂತರು. ಎರಡನೆಯದಕ್ಕೆ ಪಕ್ಕದ ಕಂಬಿ ಹಿಡಿದರು. ಮೂರನೆಯದಕ್ಕೆ ತಮ್ಮ ತೊಡೆಯನ್ನು ಕೈಯಿಂದ ಒತ್ತಿ ಹತ್ತಿದರು. ಒಳಗೆ ಬಂದು ಬೆಂಚಿನ ಮೇಲೆ ಕೂತು ಹೇಳಿದರು:

"ಎಂತ ಮಾರಾಯ, ಮೆಟ್ಟಿಲು ಎತ್ತರ ಮಾಡ್ಸಿದ್ಯಾ?"

ನಾನು ನಕ್ಕೆ. "ಇಲ್ಲ ಲೀಲಕ್ಕ, ನಿಮಗೆ ವಯಸ್ಸಾಯ್ತು."

"ಅದೂ ಹೌದು," ಎಂದರು.

ರಕ್ತ ತೆಗೆದೆ. ಹತ್ತಿಯಲ್ಲಿ ಸುತ್ತಿದೆ. ಐಸು ಹಾಕಲಿಲ್ಲ. ಚೀಟಿಯ ಮೇಲೆ 'ಬೇರ್ಪಡಿಸಿಲ್ಲ' ಎಂದು ಬರೆದೆ. ಆರೂವರೆಯ ಬಸ್ಸಿಗೆ ಪೆಟ್ಟಿಗೆ ಹೋಯಿತು. ಲೀಲಕ್ಕ ಔಷಧಿ ಅಂಗಡಿಗೆ ಹೋಗಿಬಂದು, ಹನ್ನೊಂದೂವರೆಯ ಸಂಸೆ ಬಸ್ಸಿಗೆ ಕಾಯುತ್ತ ನನ್ನ ಬೆಂಚಿನ ಮೇಲೆಯೇ ಕೂತಿದ್ದರು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಚಿಕ್ಕಮಗಳೂರಿನಿಂದ ಫೋನು ಬಂತು. ಲೀಲಕ್ಕನ ಮೇಜಿನ ಮುಂದೆ ಈಗ ಕೂರುವ ನಯನ ಎಂಬ ಹುಡುಗಿ ಮಾತಾಡಿದಳು.

"ಸರ್, ಲೀಲಾ ಮೇಡಂದು ಪೊಟ್ಯಾಸಿಯಂ ಏಳು ಪಾಯಿಂಟ್ ಎರಡು ಬಂದಿದೆ. ಬೇರ್ಪಡಿಸಿಲ್ಲ ಅಂತ ಬರೆದಿದೀರಿ. ಸುಳ್ಳು ಅಂತ ಬಿಡ್ಲಾ?"

"ರಕ್ತ ಒಡೆದಿದೆಯಾ? ಬಣ್ಣ ಎಂತದು?"

"ಇಲ್ಲ ಸರ್. ತಿಳಿಯಾಗಿದೆ, ಹಳದಿ."

"ತಣ್ಣಗಿತ್ತಾ?"

"ಅಷ್ಟೇನಿಲ್ಲ."

ನಾನು ಕೇಳಿದ ಎರಡೂ ಪ್ರಶ್ನೆ ಸರಿಯಾಗಿದ್ದವು. ಬಸ್ಸಿನ ಕುಲುಕಾಟಕ್ಕೆ ಕಣ ಒಡೆದಿದ್ದರೆ ನೀರು ಕೆಂಪಗಾಗಬೇಕು, ಆಗಿರಲಿಲ್ಲ. ಚಳಿಗೆ ಪಂಪು ನಿಂತಿದ್ದರೆ ಟ್ಯೂಬು ತಣ್ಣಗಿರಬೇಕು, ಇರಲಿಲ್ಲ. ನಾಲ್ಕು ಗಂಟೆಯ ದಾರಿಯಲ್ಲಿ ಸ್ವಲ್ಪ ಸೋರಬಹುದು, ಆದರೆ ಅದು ನಾಲ್ಕನ್ನು ಏಳು ಮಾಡುವಷ್ಟಲ್ಲ. ಎರಡೂ ಉತ್ತರ ನನ್ನ ಕಿವಿಗೆ ಬಿದ್ದವು. ಆದರೂ ನಾನು, "ಸುಳ್ಳೇ ಇರ್ಬೇಕು, ನಾಳೆ ಇನ್ನೊಂದು ಕಳಿಸ್ತೀನಿ," ಎಂದೆ. ಲೀಲಕ್ಕ ನಾಲ್ಕು ಅಡಿ ದೂರದಲ್ಲಿ ಕೂತಿದ್ದರು. ಬೀದಿಯ ಆ ಕೊನೆಯಲ್ಲಿ ಆಸ್ಪತ್ರೆ ಇತ್ತು. ಅಲ್ಲಿ ಇ.ಸಿ.ಜಿ. ಯಂತ್ರ ಇತ್ತು, ಅದು ಬ್ಯಾಟರಿಯಲ್ಲಿ ನಡೆಯುತ್ತದೆ. ಪೊಟ್ಯಾಸಿಯಂ ನಿಜಕ್ಕೂ ಏರಿದ್ದರೆ ಅದರ ಗೆರೆಯಲ್ಲಿ ಕಾಣುತ್ತದೆ. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳು.

"ನಂದಾ?" ಎಂದರು ಲೀಲಕ್ಕ.

"ಹೌದು. ಏಳು ಪಾಯಿಂಟ್ ಎರಡು ಅಂತೆ. ಕರೆಂಟಿಲ್ಲದ ಫಲ."

ಅವರು ನಗಲಿಲ್ಲ. "ಬಣ್ಣ ಎಂತ ಹೇಳಿದ್ಲು?"

"ತಿಳಿ ಹಳದಿ ಅಂತೆ."

ಅವರು ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. ಏನೋ ಕೇಳುವವರಿದ್ದರು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿತ್ತೇ ಎಂದು ಖಚಿತವಾಗಿ ಹೇಳಲಾರೆ. ಅಷ್ಟರಲ್ಲಿ ಸಂಸೆಯ ಬಸ್ಸು ಹಾರ್ನ್ ಹಾಕಿತು. "ಪುಷ್ಪ ಕಾಯ್ತಿರ್ತಾಳೆ. ನಾಳೆ ಮೊದಲ ಬಸ್ಸಿಗೇ ಬರ್ತೀನಿ," ಎಂದು ಎರಡೂ ಕೈಯನ್ನು ಬೆಂಚಿಗೆ ಊರಿ ಎದ್ದರು. ಬಸ್ಸಿನ ಮೆಟ್ಟಿಲು ಹತ್ತಲು ನಾನೇ ತೋಳು ಹಿಡಿದೆ. ಮೈ ಭಾರವಾಗಿತ್ತು. ಕಂಡಕ್ಟರನೂ ಮೇಲಿನಿಂದ ಕೈ ಕೊಟ್ಟ. ಅವರನ್ನು ಕೂರಿಸಿ ಬಂದು ನಾನು ಕಾಫಿ ಕುಡಿದೆ.

ಮೂರೂಮುಕ್ಕಾಲಿಗೆ ಪುಷ್ಪಕ್ಕ ಫೋನು ಮಾಡಿದರು. "ಅಕ್ಕಂಗೆ ಕುರ್ಚಿಯಿಂದ ಏಳೋಕೆ ಆಗ್ತಿಲ್ಲ ಕಣಪ್ಪ. ನೋವಿಲ್ಲ ಅಂತಾಳೆ. ಕಾಲು ತನ್ನದಲ್ಲ ಅನ್ನೋ ಹಂಗಿದೆ ಅಂತಾಳೆ."

ಮೊದಲು ಕಾಲು. ಆಮೇಲೆ ಎದೆ. ಆ ಮಾತು ನನಗೆ ಆಗ ನೆನಪಾಯಿತು. ಬೆಳಿಗ್ಗೆ ಮೆಟ್ಟಿಲ ಮೇಲೆ ನೆನಪಾಗಿರಲಿಲ್ಲ.

ಪಕ್ಕದ ಅಂಗಡಿಯವರ ಜೀಪು ತೆಗೆದುಕೊಂಡು ಹೋದೆ. ಲೀಲಕ್ಕನನ್ನು ಕುರ್ಚಿ ಸಮೇತ ಎತ್ತಿ ಜೀಪಿಗೆ ಹಾಕಿದೆವು. ದಾರಿಯಲ್ಲಿ ಅವರು ಪುಷ್ಪಕ್ಕನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆ ಕಣ್ಣು ತೆರೆದು ನನ್ನ ಕಡೆ ನೋಡಿ, "ದಿಂಡಿನ ರಸ," ಎಂದರು. ನನಗೆ ಅರ್ಥವಾಗಲಿಲ್ಲ. ಪುಷ್ಪಕ್ಕ ಹೇಳಿದರು: ಬಾಳೆದಿಂಡಿನ ರಸ ಕಿಡ್ನಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಹದಿನೈದು ದಿನದಿಂದ ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಮಾಡಿ ಕೊಡುತ್ತಿದ್ದರು. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ಕಿಡ್ನಿಯಲ್ಲಿ ಕಲ್ಲು ಆದವರಿಗೆ ಕೊಡುವುದನ್ನು ಕಿಡ್ನಿ ಸೋತವರಿಗೆ ಕೊಡಬಾರದು. ಲೀಲಕ್ಕನಿಗೆ ಅದು ಗೊತ್ತಿತ್ತು.

"ಗೊತ್ತಿದ್ದೂ ಕುಡಿದ್ರಾ?" ಎಂದೆ.

"ಬೆಳಿಗ್ಗೆ ಐದಕ್ಕೆ ಎದ್ದು ನಾರು ತೆಗೆದು ರುಬ್ಬಿ ಸೋಸ್ತಾಳೆ," ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಹೆಂಗೆ ಬೇಡ ಅನ್ನೋದು."

ಆಸ್ಪತ್ರೆಯಲ್ಲಿ ಇ.ಸಿ.ಜಿ. ಕಾಗದ ಹೊರಬಂದಾಗ ಡಾಕ್ಟರು ಅದನ್ನು ನೋಡಿ ಕೂಡಲೇ ನರ್ಸನ್ನು ಕರೆದರು. ಲೀಲಕ್ಕ ಮಲಗಿದ್ದಲ್ಲಿಂದಲೇ ಕೈಚಾಚಿದರು. ನಾನು ಕಾಗದ ಹಿಡಿದು ತೋರಿಸಿದೆ. ಹೃದಯದ ಪ್ರತಿ ಬಡಿತದ ಕೊನೆಗೆ ಇರಬೇಕಾದ ಸಣ್ಣ ಗುಡ್ಡದ ಜಾಗದಲ್ಲಿ ಚೂಪಾದ ಡೇರೆಗಳು ಸಾಲಾಗಿ ನಿಂತಿದ್ದವು. ಲೀಲಕ್ಕ ಅದನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಓದಿದರು.

"ಸುಳ್ಳಲ್ಲ ಕಣೋ," ಎಂದರು. ದನಿಯಲ್ಲಿ ಹೆದರಿಕೆ ಇರಲಿಲ್ಲ. ಯಂತ್ರ ಸರಿಯಾಗಿದೆ ಎಂದು ಹೇಳುವಾಗ ಲ್ಯಾಬಿನಲ್ಲಿ ಕೇಳಿಸುತ್ತಿದ್ದ ದನಿ ಅದು.

ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್. ಅದು ಹೊರಗಿನ ಪೊಟ್ಯಾಸಿಯಮನ್ನು ಸ್ವಲ್ಪ ಹೊತ್ತಿಗಾದರೂ ಕೋಶದ ಒಳಗೆ ತಳ್ಳುತ್ತದೆ. ಅರ್ಧ ಗಂಟೆಯ ನಂತರದ ಕಾಗದದಲ್ಲಿ ಡೇರೆಗಳು ಕುಗ್ಗಿದ್ದವು. ಡಯಾಲಿಸಿಸ್‌ಗೆ ಚಿಕ್ಕಮಗಳೂರಿಗೆ ಕಳಿಸಲು ಆಂಬುಲೆನ್ಸ್ ಬಂತು. ಬೆಳಕು ಇನ್ನೂ ಇತ್ತು. ಹತ್ತಿಸುವಾಗ ಲೀಲಕ್ಕ ತಂಗಿಗೆ, "ಅಳಬೇಡ. ಗೊಬ್ಬರ ಹಾಕಿದ್ದು ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ," ಎಂದರು.

ಅವರು ಉಳಿದರು. ಅದಾದ ಮೇಲೆ ಒಂದೂವರೆ ವರ್ಷ ಬದುಕಿದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದ್ದುದರಿಂದ ತಂಗಿಯೊಂದಿಗೆ ಚಿಕ್ಕಮಗಳೂರಿನಲ್ಲೇ ಒಂದು ಮನೆ ಹಿಡಿದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆ ಮಂಗಳವಾರದ ಬಗ್ಗೆ ಅವರು ಮಾತೆತ್ತಲಿಲ್ಲ. ನಾನು ಎರಡು ಸಲ ಎತ್ತಿದೆ. ಎರಡು ಸಲವೂ ಅವರು ಕಳಸದಲ್ಲಿ ಕಾಫಿಗೆ ಹೂ ಬಂತಾ ಎಂದು ಕೇಳಿದರು.

ಕೊನೆಯ ಸಲ ನೋಡಿದ್ದು ಡಯಾಲಿಸಿಸ್ ಕೋಣೆಯಲ್ಲಿ. ಪ್ಲಾಸ್ಟಿಕ್ ಕೊಳವೆಗಳಲ್ಲಿ ಅವರ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು. ಅವರು ಒಂದು ಕೊಳವೆಯನ್ನು ಬೆರಳಿನಿಂದ ಮುಟ್ಟಿ, "ಬೆಚ್ಚಗೆ ಇಟ್ಟಿದಾರೆ, ಪರವಾಗಿಲ್ಲ," ಎಂದರು. ಆಮೇಲೆ ಇದ್ದಕ್ಕಿದ್ದಂತೆ ಹೇಳಿದರು: "ಆ ಮೂಡಿಗೆರೆ ಗೌಡ್ರ ಕಥೆ ಹೇಳು."

"ನಿಮಗೇ ಗೊತ್ತಿರೋ ಕಥೆ."

"ನೀ ಹೇಳೋದು ಕೇಳ್ಬೇಕು."

ಹೇಳಿದೆ. ಐಸು, ಮೀನು, ಏಳು ಪಾಯಿಂಟ್ ನಾಲ್ಕು, ಕೆನ್ನೆ, ಹೊಸ ರಕ್ತ, ನಾಲ್ಕು ಪಾಯಿಂಟ್ ಎರಡು, ರೈಟರು, ಪೆನ್ನು. ಪಕ್ಕದ ಹಾಸಿಗೆಯವರು ನಕ್ಕರು. ಲೀಲಕ್ಕ ನಗಲಿಲ್ಲ.

"ಕಾರು ಎಲ್ಲಿ ಹೋಯ್ತು?" ಎಂದರು.

"ಯಾವ ಕಾರು?"

"ಟ್ಯೂಬು ತಣ್ಣಗಿದೆ ಅಂತ ಗೊತ್ತಾದ ಮೇಲೆ ನಾ ಗೌಡ್ರ ಮನೆಗೆ ಫೋನ್ ಮಾಡಿ ಎಂತ ಹೇಳ್ದೆ?"

ನನಗೆ ನೆನಪಿರಲಿಲ್ಲ. ಅವರೇ ಹೇಳಿದರು. ಸುಳ್ಳು ಇರ್ಬೇಕು ಎಂದು ಅವರು ಲ್ಯಾಬಿನಲ್ಲಿ ನಮ್ಮ ಮುಂದೆ ಮಾತ್ರ ಅಂದದ್ದು. ಗೌಡರ ಮನೆಗೆ ಹಾಗೆ ಹೇಳಲಿಲ್ಲ. ಈಗಲೇ ಕಾರು ತೆಗೆಯಿರಿ, ಮೊದಲು ಮೂಡಿಗೆರೆಯಲ್ಲಿ ಇ.ಸಿ.ಜಿ. ಮಾಡಿಸಿ, ಅಲ್ಲೇ ಹೊಸ ರಕ್ತ ಕೊಡಿ, ನಾನು ಹೇಳುವ ತನಕ ಆಸ್ಪತ್ರೆಯ ಬೆಂಚು ಬಿಟ್ಟು ಏಳಬೇಡಿ ಎಂದಿದ್ದರು. ಗೌಡರು ಪೆನ್ನು ಕೇಳಿದ್ದು ಮನೆಯಲ್ಲಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ.

"ಸುಳ್ಳು ಅಂತ ಗೊತ್ತಾಗೋ ತನಕ ಅದು ನಿಜ ಮಾರಾಯ," ಎಂದರು. "ನೀ ಹೊಸಬರಿಗೆಲ್ಲ ಹೇಳ್ತಿದ್ದೆ. ನಾನೂ ಅಲ್ಲೇ ಕೂತು ಕೇಳ್ತಿದ್ದೆ. ನಗು ಚೆನ್ನಾಗಿ ಬರ್ತಿತ್ತು, ಕಾರು ಬಿಟ್ಟೋಗಿದ್ದು ನಂಗೂ ಗೊತ್ತಾಗ್ಲಿಲ್ಲ. ಅವತ್ತು ನಿನ್ನ ಬೆಂಚಿನ ಮೇಲೆ ಕೂತಾಗ ನಂಗೂ ನಿನ್ನ ಕಥೆನೇ ನೆನಪಾಗಿದ್ದು." ಆಮೇಲೆ, "ನಯನಂಗೆ ಹೇಳೋವಾಗ ಕಾರು ಸೇರ್ಸಿ ಹೇಳು," ಎಂದರು.

ಅದು ಕ್ಷಮೆಯೋ, ಬೈಗುಳವೋ, ಕೆಲಸ ಹಚ್ಚಿದ್ದೋ ನನಗೆ ಈಗಲೂ ತಿಳಿದಿಲ್ಲ. ಅವರು ಕೆಲಸ ಹಚ್ಚುವ ಧಾಟಿಯಲ್ಲಿ ಹೇಳಿದ್ದರಿಂದ ನಾನು ಅದನ್ನು ಕೆಲಸವೆಂದೇ ತೆಗೆದುಕೊಂಡೆ. ಅಲ್ಲಿಂದಲೇ ಲ್ಯಾಬಿಗೆ ಹೋಗಿ ನಯನಳಿಗೆ ಪೂರ್ತಿ ಕಥೆ ಹೇಳಿದೆ. ಈ ಸಲ ಅವಳು ನಗಲಿಲ್ಲ.

ಮೂರು ವಾರದ ನಂತರ ಲೀಲಕ್ಕ ಸೋಂಕು ಜ್ವರದಲ್ಲಿ ತೀರಿಕೊಂಡರು. ಅದಕ್ಕೂ ಆ ಮಂಗಳವಾರಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳಿದ್ದೆ, ಅದಕ್ಕೇ ಹೇಳಿದರು.

ಈಗ ಕಳಸದಲ್ಲಿ ನನ್ನ ಸೆಂಟರಿಗೆ ಬರುವವರನ್ನು ನಾನು ಬಾಗಿಲಿನಿಂದ ನೋಡುತ್ತೇನೆ. ಚೀಟಿ ಆಮೇಲೆ. ಯಾವ ಕಾಲು ಮೊದಲು, ಕಂಬಿ ಹಿಡಿದರೋ ಇಲ್ಲವೋ, ಎಲ್ಲಿ ನಿಂತರು. ಯಾರಾದರೂ ಮೆಟ್ಟಿಲಿನ ಬಗ್ಗೆ ದೂರಿದರೆ ಕೂರಿಸಿ ಎರಡು ಪ್ರಶ್ನೆ ಹೆಚ್ಚು ಕೇಳುತ್ತೇನೆ. ಲೀಲಕ್ಕನನ್ನು ಆಂಬುಲೆನ್ಸಿಗೆ ಹತ್ತಿಸಿ ಬಂದ ಆ ಸಂಜೆ ಟೇಪು ಹಿಡಿದು ಮೂರೂ ಮೆಟ್ಟಿಲನ್ನು ಅಳೆದಿದ್ದೆ. ಒಂದೊಂದೂ ಆರು ಇಂಚು. ಕಟ್ಟಿಸಿದ ದಿನ ಎಷ್ಟಿತ್ತೋ ಅಷ್ಟೇ.